ಹತ್ತಿ ಬಿಡಿಸುವ ತಿಂಗಳುಗಳ ಸಾಲಿ

ನಮ್ಮ ಕಡೆ ಶಾಲೆಗೆ ಸಾಲಿ ಅನ್ನುತ್ತೇವೆ. ಸುರಪುರ ತಾಲ್ಲೂಕಿನ ನಮ್ಮೂರಲ್ಲಿ ಸರ್ಕಾರಿ ಸಾಲಿ ಬಿಟ್ಟ ಮೇಲೆ, ದನ ಕೊಟ್ಟಿಗೆಗೆ ಬಂದು ಒಲೆ ಹೊತ್ತಿದ ಮೇಲೆ, ಸಮುದಾಯ ಭವನದಲ್ಲಿ ಇನ್ನೊಂದು ಸಾಲಿ ಕೂಡುತ್ತದೆ. 2009ರ ಜೂನ್‌ನಲ್ಲಿ ಹದಿನಾಲ್ಕು ಮಕ್ಕಳು, ಒಂದು ಟ್ಯೂಬ್‌ಲೈಟು, ಕರೆಂಟು ಹೋದರೆ ಒಂದು ಕಂದೀಲು ಇಟ್ಟುಕೊಂಡು ಅದನ್ನು ಶುರು ಮಾಡಿದೆ. ನಾನು ಮಾಸ್ತರನಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ನಪಾಸಾಗಿ, ಬೆಂಗಳೂರಲ್ಲಿ ನಾಲ್ಕು ವರ್ಷ ಸೆಂಟ್ರಿಂಗ್ ಕೆಲಸ ಮಾಡಿ, ಅಲ್ಲಿದ್ದುಕೊಂಡೇ ಪರೀಕ್ಷೆ ಕಟ್ಟಿ ಪಾಸಾಗಿ ಊರಿಗೆ ಮರಳಿದವನು.

2009ರ ಕೊನೆಗೆ ಕಲಬುರಗಿಯಿಂದ ಬೇರೆಯಾಗಿ ಯಾದಗಿರಿ ಜಿಲ್ಲೆಯಾಯಿತು. ಜಿಲ್ಲೆಯಾದ ಮೇಲೆ ಎಲ್ಲ ಸರಿಹೋಗುತ್ತದೆ ಎಂದು ಕುಣಿದವರಲ್ಲಿ ನಾನೂ ಒಬ್ಬ. 2011ರ ಜನಗಣತಿ ಬಂತು. ರಾಜ್ಯದ ಸಾಕ್ಷರತೆ 75.36, ನಮ್ಮದು 51.83, ರಾಜ್ಯದಲ್ಲೇ ಕೊನೆ. ಅದಕ್ಕೂ ಮೊದಲು, 2002ರ ನಂಜುಂಡಪ್ಪ ಸಮಿತಿ ವರದಿಯ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿಯೂ ನಮ್ಮ ಹೆಸರಿತ್ತು. ಪಟ್ಟಿಗಳ ಕೊನೆಯ ಸಾಲಿನಲ್ಲಿ ಕೂತು ನಮಗೆ ರೂಢಿಯಾಗಿದೆ. ಹಿಂದಿನ ಬೆಂಚಿನ ಹುಡುಗನಿಗೆ ಆಗುವ ಹಾಗೆ.

ಚೆನ್ನಾಗಿ ಹೇಳಿಕೊಟ್ಟರೆ ಮಕ್ಕಳು ಕಲಿಯುತ್ತಾರೆ ಎಂದು ನಂಬಿ ಬಂದವನು ನಾನು. ಆ ನಂಬಿಕೆ ಈಗಲೂ ಇದೆ. ಆದರೆ ಈ ಹದಿನಾರು ವರ್ಷದಲ್ಲಿ ನಾನು ಸೀಮೆಸುಣ್ಣ ಹಿಡಿದ ಹೊತ್ತಿಗಿಂತ ತಾರೀಖು ನೆನಪಿಟ್ಟುಕೊಂಡು ಓಡಾಡಿದ ಹೊತ್ತು ಹೆಚ್ಚು. ಮಕ್ಕಳು ಸಾಲಿಯಿಂದ ಜಾರುವುದಕ್ಕೆ ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ತಿಂಗಳು, ಅವೇ ವಾರಗಳು. ಅದನ್ನು ಕಂಡುಕೊಳ್ಳಲು ನನಗೆ ಬಹಳ ವರ್ಷ ಬೇಕಾಯಿತು. ಈ ಕೆಲಸಕ್ಕೆ ಹೊಸದಾಗಿ ಇಳಿಯುವವರಿಗೆ ಅಷ್ಟು ವರ್ಷ ಹಿಡಿಯದಿರಲಿ ಎಂದು ಬರೆಯುತ್ತಿದ್ದೇನೆ.

1. ಬಂದವರಿಗೆ ಕಲಿಸುವ ಮೊದಲು ಬಾರದವರನ್ನು ಎಣಿಸಿ

ಮೊದಲ ವರ್ಷ ನನ್ನ ಫಲಿತಾಂಶ ಭರ್ಜರಿ. ಹತ್ತನೇ ತರಗತಿಯ ಐವರಲ್ಲಿ ನಾಲ್ವರು ಪಾಸು. ಊರಲ್ಲಿ ಶಾಲು ಹೊದಿಸಿದರು. ಆಮೇಲೊಂದು ದಿನ ಹಿಟ್ಟಿನ ಗಿರಣಿಯ ಮುಂದೆ ಕೂತಿದ್ದಾಗ ಜೋಳದ ಡಬ್ಬಿ ಹಿಡಿದು ನಿಂತಿದ್ದ ಮುದುಕಿಯೊಬ್ಬಳು ಕೇಳಿದಳು: "ತಮ್ಮಾ, ನೀ ಕಲಸೂದು ಕಲತವರ ಮಕ್ಕಳಿಗೇ ಏನು?"

ಲೆಕ್ಕ ಹಾಕಿದರೆ ಮುದುಕಿ ಹೇಳಿದ್ದು ಸರಿಯೇ ಇತ್ತು. ಪಾಸಾದವರಲ್ಲಿ ಒಬ್ಬಳ ಅಪ್ಪ ಕಿರಾಣಿ ಅಂಗಡಿಯವನು, ಒಬ್ಬನ ಅಣ್ಣ ಕಂಡಕ್ಟರ್. ನಾನು ಇರದಿದ್ದರೂ ಅವರು ಪಾಸಾಗುತ್ತಿದ್ದರು.

ಒಂದು ನೂರು ಪುಟದ ನೋಟ್‌ಬುಕ್ ತಂದು ಮನೆ ಮನೆ ತಿರುಗಿದೆ. ಊರು, ಪಕ್ಕದ ತಾಂಡಾ, ಹೊಲಗೇರಿ, ಕಾಲುವೆಯ ಮೇಲಿನ ಗುಡಿಸಲುಗಳು ಎಲ್ಲ ಸೇರಿ ಮೂರು ವಾರ ಹಿಡಿಯಿತು. ಆರರಿಂದ ಹದಿನೆಂಟು ವರ್ಷದ ಪ್ರತಿ ಮಗುವಿಗೂ ಮೂರು ಕಾಲಂ: ಹೆಸರು, ಯಾವ ತರಗತಿ, ಇವತ್ತು ಎಲ್ಲಿ. ಮೂರನೆಯದನ್ನು ಯಾಕೆ ಹಾಕಿದೆನೋ ಗೊತ್ತಿಲ್ಲ, ಉಪಯೋಗಕ್ಕೆ ಬಂದದ್ದು ಅದೊಂದೇ. ಸಾಲಿಯ ಹಾಜರಿ ಪುಸ್ತಕದಲ್ಲಿ 'ಹಾಜರ್' ಇದ್ದ ಎಷ್ಟೋ ಹೆಸರುಗಳ ಮುಂದೆ ನನ್ನ ಪುಸ್ತಕದಲ್ಲಿ 'ಪುಣೆ', 'ಕುರಿ ಹಿಂದ', 'ತಂಗಿ ನೋಡ್ಕೊಳ್ಳಾಕ', 'ಹತ್ತಿ ಹೊಲ' ಎಂದಿತ್ತು.

ಸಿಟ್ಟಿನಿಂದ ಹೆಡ್‌ಮಾಸ್ತರರ ಬಳಿ ಹೋದೆ. ಅವರು ಸಮಾಧಾನವಾಗಿ ಹೇಳಿದರು: ಮಕ್ಕಳ ಸಂಖ್ಯೆ ನೋಡಿ ಶಿಕ್ಷಕರ ಹುದ್ದೆ ಕೊಡುತ್ತಾರೆ. ಹೆಸರು ಹೊಡೆದರೆ ಒಬ್ಬ ಮಾಸ್ತರ್ ಹೆಚ್ಚುವರಿಯಾಗಿ ಬೇರೆ ಊರಿಗೆ ಹೋಗುತ್ತಾನೆ, ಉಳಿದ ಮಕ್ಕಳಿಗೂ ಪಾಠವಿಲ್ಲ. ಸುಳ್ಳು ಹಾಜರಿಯ ಹಿಂದೆಯೂ ಹೀಗೊಂದು ನ್ಯಾಯ ಇರಬಹುದು ಎಂದು ನನಗೆ ಹೊಳೆದಿರಲಿಲ್ಲ. ಒಪ್ಪಲಿಲ್ಲ, ಆದರೆ ಆ ದಿನದಿಂದ ಬೈಯುವುದನ್ನು ಬಿಟ್ಟೆ.

2. ಹತ್ತಿಯ ಪಂಚಾಂಗ ಓದಲು ಬರಬೇಕು

ಸಾಲಿಗೆ ಜೂನ್‌ನಿಂದ ಮಾರ್ಚ್‌ವರೆಗೆ ಒಂದು ಪಂಚಾಂಗ. ಊರಿಗೆ ಬೇರೆಯೇ ಪಂಚಾಂಗ. ಮುಂಗಾರು ಹಿಡಿದರೆ ಹತ್ತಿ ಬಿತ್ತನೆ, ದಸರೆ ಕಳೆಯುತ್ತಲೇ ಬಿಡಿಸಲು ಶುರು. ಮೊದಲ ಬಿಡಿ, ಎರಡನೇ ಬಿಡಿ ಎಂದು ಸಂಕ್ರಾಂತಿ ದಾಟಿದರೂ ಮುಗಿಯುವುದಿಲ್ಲ. ಬೆಳಿಗ್ಗೆ ಏಳಕ್ಕೆ ಅಗಸಿಯ ಮುಂದೆ ಟಂಟಂ ಬಂದು ನಿಲ್ಲುತ್ತದೆ. ಬುತ್ತಿ ಕಟ್ಟಿಕೊಂಡು, ನಡುವಿಗೆ ಉಡಿಚೀಲ ಸುತ್ತಿಕೊಂಡು ಹೆಂಗಸರು ಹತ್ತುತ್ತಾರೆ. ಅವರ ನಡುವೆ ಎಂಟನೇ, ಒಂಬತ್ತನೇ ತರಗತಿಯ ಹುಡುಗಿಯರೂ ಹತ್ತುತ್ತಾರೆ.

ಒಮ್ಮೆ ಟಂಟಂಗೆ ಅಡ್ಡ ನಿಂತು ಭಾಷಣ ಮಾಡಿದೆ. ಕಾಯ್ದೆ, ಶಿಕ್ಷಣದ ಹಕ್ಕು, ಬಾಲಕಾರ್ಮಿಕ ಎಲ್ಲ ಹೇಳಿದೆ. ಒಬ್ಬ ತಾಯಿ ಕೇಳಿಸಿಕೊಂಡು ಹೇಳಿದಳು: "ಖರೇ ಅದ ಸರ. ಆದ್ರ ಇಲ್ಲಿ ಕೆಜಿ ಲೆಕ್ಕದಾಗ ರೊಕ್ಕ ಕೊಡ್ತಾರ, ಯಾರೂ ವಯಸ್ಸು ಕೇಳೂದಿಲ್ಲ."

ಆ ಮಾತಿನಲ್ಲಿ ಇಡೀ ಅರ್ಥಶಾಸ್ತ್ರವೇ ಇತ್ತು. ದಿನಗೂಲಿಯಾದರೆ ಮಕ್ಕಳಿಗೆ ಅರ್ಧ ಕೂಲಿ, ಹಾಗಾಗಿ ಮನೆಯವರೂ ಒಮ್ಮೆ ಯೋಚಿಸುತ್ತಾರೆ. ಹತ್ತಿ ಬಿಡಿಸುವಲ್ಲಿ ತೂಕಕ್ಕೆ ದುಡ್ಡು. ಹದಿಮೂರರ ಹುಡುಗಿಯ ಬೆರಳು ಅವಳ ತಾಯಿಯ ಬೆರಳಿಗಿಂತ ಚುರುಕು. ಆ ಮೂರು ತಿಂಗಳು ಅವಳು ಮನೆಯಲ್ಲಿ ಹೆಚ್ಚು ಗಳಿಸುವವಳು. ವರ್ಷದ ಸಾಲ ತೀರುವುದು, ದೀಪಾವಳಿಗೆ ಬಟ್ಟೆ ಬರುವುದು ಅವಳ ಕೈಯಿಂದ. ಅಂಥವಳನ್ನು "ಮನೆಯಲ್ಲಿ ಕೂಡಿಸಿದ್ದಾರೆ" ಎಂದು ವರದಿ ಬರೆಯುವವರು ಒಮ್ಮೆ ಆ ತಕ್ಕಡಿಯ ಮುಂದೆ ನಿಂತು ನೋಡಬೇಕು.

ಟಂಟಂ ತಡೆಯಲು ನಮಗೆ ಆಗಲಿಲ್ಲ. ಪಾಠವನ್ನು ಹತ್ತಿಗೆ ತಕ್ಕಂತೆ ಬದಲಿಸಿದೆವು.

ಮೂರು ಬದಲಾವಣೆ ಕೆಲಸ ಮಾಡಿದವು. ಒಂದನೆಯದು ದಸರಾ ರಜೆ. ಮಕ್ಕಳು ಜಾರುವುದು ರಜೆ ಮುಗಿದ ಮೇಲಲ್ಲ, ರಜೆಯಲ್ಲೇ. ಹತ್ತು ಹದಿನೈದು ದಿನ ಹೊಲಕ್ಕೆ ಹೋಗಿ ಕೈಗೆ ರೊಕ್ಕ ಹತ್ತಿದರೆ ಸಾಲಿ ಶುರುವಾದ ದಿನ "ನಾಳಿಂದ ಹೋಗ್ತೀನಿ" ಎನ್ನುತ್ತಾರೆ, ಆ ನಾಳೆ ಸಂಕ್ರಾಂತಿಗೆ ಬರುತ್ತದೆ. ಅದಕ್ಕೆ ಬೇರೆ ಏನೇ ಬಿಟ್ಟರೂ ದಸರಾ ರಜೆಯ ತರಗತಿಯನ್ನು ಬಿಡುವುದಿಲ್ಲ. ಎರಡನೆಯದು ಸಮಯ. ಆ ತಿಂಗಳುಗಳಲ್ಲಿ ಏಳಕ್ಕಲ್ಲ, ಎಂಟಕ್ಕೆ ಶುರು. ಹೊಲದಿಂದ ಬಂದ ಹುಡುಗಿ ಮೈ ತೊಳೆದು ರೊಟ್ಟಿ ಬಡಿದು ಬರಬೇಕು. ನಿದ್ದೆ ಬಂದವರನ್ನು ಎಬ್ಬಿಸುವುದಿಲ್ಲ. ಮಲಗಿದರೂ ಇಲ್ಲೇ ಮಲಗಲಿ.

ಮೂರನೆಯದು ನನಗೆ ಹೊಳೆದದ್ದಲ್ಲ, ನಿವೃತ್ತ ಗಣಿತದ ಮಾಸ್ತರರೊಬ್ಬರು ಹೇಳಿಕೊಟ್ಟದ್ದು. ಗಣಿತದಲ್ಲಿ ಕೆಲವು ಪಾಠಗಳು ಸರಪಳಿ ಇದ್ದಂತೆ, ಕೆಲವು ಬಿಡಿ ಮಣಿ ಇದ್ದಂತೆ. ಬಹುಪದೋಕ್ತಿ ಗೊತ್ತಿಲ್ಲದಿದ್ದರೆ ವರ್ಗ ಸಮೀಕರಣ ಹತ್ತುವುದಿಲ್ಲ. ಸಮರೂಪ ತ್ರಿಭುಜ ತಪ್ಪಿಸಿಕೊಂಡವನಿಗೆ ತ್ರಿಕೋನಮಿತಿ ಮಂತ್ರದಂತೆ ಕೇಳುತ್ತದೆ. ಆದರೆ ಸಂಖ್ಯಾಶಾಸ್ತ್ರ, ಸಂಭವನೀಯತೆ ಎಲ್ಲಿ ಬೇಕಾದರೂ ಕೂರುತ್ತವೆ. ಹಾಗಾಗಿ ಸರಪಳಿ ಪಾಠಗಳನ್ನೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಸುತ್ತೇವೆ, ಹತ್ತಿಯ ಕಾಲಕ್ಕೆ ಬಿಡಿ ಮಣಿ. ಇವತ್ತು ಬಂದವಳು ನಾಳೆ ತಪ್ಪಿದರೂ ನಾಡಿದ್ದು ಬಂದಾಗ ದಾರಿ ತಪ್ಪುವುದಿಲ್ಲ. ಸರಾಸರಿ, ಮಧ್ಯಾಂಕದ ಪಾಠಕ್ಕೆ ಅವರದೇ ತೂಕದ ಚೀಟಿ ತರಲು ಹೇಳುತ್ತೇನೆ. ತಕ್ಕಡಿಯವನು ಚೀಲದ ತೂಕವೆಂದು ಎಷ್ಟು ಕಳೆದ, ಇಬ್ಬನಿಯ ತೇವವೆಂದು ಎಷ್ಟು ಕಳೆದ ಎಂಬ ಲೆಕ್ಕ ಬಂದ ವರ್ಷ ನಮ್ಮ ಹುಡುಗಿಯೊಬ್ಬಳು ಮಾಲೀಕನ ಮುಂದೆ ಚೀಟಿ ಹಿಡಿದು ನಿಂತಳು. ನನಗೆ ಒಂದು ವಾರ ಊರ ಗೌಡರ ಕಡೆಯಿಂದ ಮಾತು ಕೇಳಬೇಕಾಯಿತು. ಅಷ್ಟು ಸಂತೋಷದಿಂದ ನಾನು ಬೈಸಿಕೊಂಡದ್ದು ಬೇರೆ ಯಾವಾಗಲೂ ಇಲ್ಲ.

3. ಕಾಗದವೂ ಒಂದು ವಿಷಯ, ಅದರಲ್ಲೇ ಹೆಚ್ಚು ಮಂದಿ ನಪಾಸು

ಎಂಟನೇ ತರಗತಿಯ ಹುಡುಗಿ. ಎನ್‌ಎಂಎಂಎಸ್ ಪರೀಕ್ಷೆ ಪಾಸು ಮಾಡಿದ್ದಳು. ಸರ್ಕಾರಿ ಮತ್ತು ಅನುದಾನಿತ ಸಾಲಿಯ ಮಕ್ಕಳಿಗೆ ಎಂಟನೇ ತರಗತಿಯಲ್ಲಿ ನಡೆಯುವ ಪರೀಕ್ಷೆ ಅದು. ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮಂಥ ಊರಲ್ಲಿ ಆ ದುಡ್ಡು ಒಂದು ಹುಡುಗಿಯ ಮದುವೆಯನ್ನು ನಾಲ್ಕು ವರ್ಷ ಮುಂದೆ ಹಾಕಬಲ್ಲದು. ಅವಳಿಗೆ ಅದು ಬರಲಿಲ್ಲ. ಸಾಲಿಯ ದಾಖಲೆಯಲ್ಲಿ ಅವಳ ಹೆಸರು ಒಂದು ರೀತಿ, ಆಧಾರ್‌ನಲ್ಲಿ ಇಂಗ್ಲಿಷ್ ಅಕ್ಷರ ಇನ್ನೊಂದು ರೀತಿ, ಬ್ಯಾಂಕಿನ ಪುಸ್ತಕದಲ್ಲಿ ಮನೆತನದ ಹೆಸರು ಸೇರಿಕೊಂಡು ಮೂರನೇ ರೀತಿ. ತಿದ್ದಿಸೋಣ, ಇನ್ನೂ ದಿನ ಇದೆ ಎಂದು ನಾನು ಮುಂದೆ ಹಾಕುತ್ತಾ ಬಂದೆ. ಕೊನೆಯ ದಿನ ಆಧಾರ್ ಕೇಂದ್ರದಲ್ಲಿ ಸರ್ವರ್ ಡೌನ್. ಇದರಲ್ಲಿ ಬೇರೆ ಯಾರನ್ನೂ ದೂರುವಂತಿಲ್ಲ, ತಪ್ಪು ನನ್ನದೇ.

ಆ ವರ್ಷದಿಂದ ಜೂನ್ ಎರಡನೇ ವಾರ ನಮ್ಮಲ್ಲಿ 'ಕಾಗದದ ವಾರ'. ಆ ವಾರ ಪಾಠವಿಲ್ಲ. ಪ್ರತಿ ಮಗುವಿನ ಆಧಾರ್, ಸಾಲಿಯ ದಾಖಲೆ, ಪಾಸ್‌ಬುಕ್ ಒಟ್ಟಿಗೆ ಇಟ್ಟು ಅಕ್ಷರಕ್ಕೆ ಅಕ್ಷರ ಹೋಲಿಸುತ್ತೇವೆ. ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರನ್ನು ಒಂದು ಹಾಳೆಯಲ್ಲಿ ಬರೆದು ನೋಟ್‌ಬುಕ್ಕಿಗೆ ಅಂಟಿಸುತ್ತೇವೆ. ಆದಾಯ ಪತ್ರದ ಅವಧಿ ಯಾವ ವರ್ಷ ಮುಗಿಯುತ್ತದೆ ಎಂಬುದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ. ಹತ್ತನೇ ತರಗತಿಯವರಿಗೆ, ನಮ್ಮ ಭಾಗದವರ ಮೀಸಲಾತಿಗೆ ಬೇಕಾಗುವ 371(ಜೆ) ಅರ್ಹತಾ ಪತ್ರಕ್ಕೆ ಬೇಕಾದ ವ್ಯಾಸಂಗದ ದಾಖಲೆಯನ್ನು ಆಗಲೇ ಕೂಡಿಸಲು ಶುರು ಮಾಡುತ್ತೇವೆ. ಸಂವಿಧಾನ ತಿದ್ದಿ ಕೊಟ್ಟ ಸೀಟು ಒಂದು ಸಹಿ ಇಲ್ಲದೆ ಕೈತಪ್ಪಿದ್ದನ್ನು ನೋಡಿದವನು ನಾನು.

ಇನ್ನು ಒಟಿಪಿ. ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಹೋಗುತ್ತದೆ. ಮೊಬೈಲು ಅಪ್ಪನ ಹತ್ತಿರ. ಅಪ್ಪ ಬೆಂಗಳೂರಲ್ಲಿ ಯಾವುದೋ ಅಪಾರ್ಟ್‌ಮೆಂಟಿನ ಒಂಬತ್ತನೇ ಮಹಡಿಯಲ್ಲಿ ಕಾಂಕ್ರೀಟು ಹಾಕುತ್ತಿರುತ್ತಾನೆ. ಮಧ್ಯಾಹ್ನ ಒಂದರಿಂದ ಎರಡು ಊಟದ ಬಿಡುವು, ಆಗಷ್ಟೇ ಫೋನ್ ಎತ್ತುತ್ತಾನೆ. ಸೆಂಟ್ರಿಂಗ್ ಹೊಡೆದವನಾದ್ದರಿಂದ ಇದು ನನಗೆ ಗೊತ್ತಿತ್ತು. ಹಾಗಾಗಿ ನಮ್ಮ ಅರ್ಜಿಗಳೆಲ್ಲ ಒಂದು ಗಂಟೆಯಿಂದ ಎರಡರ ಒಳಗೆ ತುಂಬುತ್ತವೆ. ಕಟ್ಟಡದ ಕೆಲಸ ನನಗೆ ಕಲಿಸಿದ್ದರಲ್ಲಿ ಇದೊಂದು ನೇರವಾಗಿ ಉಪಯೋಗಕ್ಕೆ ಬಂತು.

4. ಏಳನೇ ತರಗತಿ ಮುಗಿದ ಬೇಸಿಗೆಯಲ್ಲಿ ಊರು ಬಿಟ್ಟು ಹೋಗಬೇಡಿ

ನಮ್ಮೂರ ಸಾಲಿ ಏಳರವರೆಗೆ. ಹೈಸ್ಕೂಲು ಆರು ಕಿಲೋಮೀಟರ್ ಆಚೆ. ಏಪ್ರಿಲ್‌ನಲ್ಲಿ ಪಾಸಾದ ಮಗು ಟಿಸಿ ತೆಗೆದುಕೊಂಡು ಜೂನ್‌ನಲ್ಲಿ ಆ ಹೈಸ್ಕೂಲಿಗೆ ಸೇರಬೇಕು. ನಡುವಿನ ಎರಡು ತಿಂಗಳು ಆ ಮಗು ಯಾವ ಸಾಲಿಯ ಲೆಕ್ಕದಲ್ಲೂ ಇಲ್ಲ. ಹಳೆಯ ಮಾಸ್ತರಿಗೆ ಅದು ದಾಟಿಹೋದ ಮಗು, ಹೊಸ ಮಾಸ್ತರಿಗೆ ಇನ್ನೂ ಬಾರದ ಮಗು. ಬಂದಿಲ್ಲವೆಂದು ಹುಡುಕುವವರೂ ಇಲ್ಲ. ಶಿಕ್ಷಣದ ಹಕ್ಕಿನ ಕಾಯ್ದೆ ಹಿಡಿಯುವುದೂ ಆರರಿಂದ ಹದಿನಾಲ್ಕು ವರ್ಷದವರೆಗೆ. ಹದಿನೈದಕ್ಕೆ ಸಾಲಿ ಬಿಟ್ಟವನನ್ನು ಕೇಳಲು ಕಾಯ್ದೆಯೂ ಬರುವುದಿಲ್ಲ.

ಹುಡುಗಿಯರ ಮಟ್ಟಿಗೆ ಪ್ರಶ್ನೆ ಸಾಲಿಯದಲ್ಲ, ದಾರಿಯದು. "ಸಾಲಿ ಬ್ಯಾಡ ಅನ್ನೂದಿಲ್ಲ ಸರ, ದಾರಿ ಚಂದ ಇಲ್ಲ" ಎಂದು ಎಷ್ಟು ಅಪ್ಪಂದಿರು ಹೇಳಿದ್ದಾರೋ. ದಾರಿಯಲ್ಲಿ ಒಂದು ಸಾರಾಯಿ ಅಂಗಡಿ, ಒಂದು ಹಾಳು ಬಾವಿ, ಅರ್ಧ ಕಿಲೋಮೀಟರ್ ಜಾಲಿ ಮುಳ್ಳು. ಬಾವಿಗೆ ಏನೂ ಮಾಡಲಾಗಲಿಲ್ಲ. ಹುಡುಗಿಯರನ್ನು ಒಬ್ಬೊಬ್ಬರಾಗಿ ಕಳಿಸದೆ ಗುಂಪು ಮಾಡಿದೆವು, ಪ್ರತಿ ಗುಂಪಿಗೂ ಹತ್ತನೇ ತರಗತಿಯ ಒಬ್ಬ ಅಕ್ಕ. ಮೇ ತಿಂಗಳಲ್ಲೇ ಆ ಅಕ್ಕ ಏಳು ಮುಗಿಸಿದ ಹುಡುಗಿಯರ ಮನೆಗೆ ಹೋಗಿ "ಜೂನ್‌ದಾಗ ನನ್ನ ಕೂಡ ಬರ್ತಾಳ್ರಿ" ಎಂದು ತಾಯಿಗೆ ಹೇಳಿ ಬರುತ್ತಾಳೆ. ನಾನು ಹತ್ತು ಸಲ ಹೋದರೂ ಆಗದ್ದು ಅವಳು ಒಂದು ಸಲ ಹೋದರೆ ಆಗುತ್ತದೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ತಪ್ಪಿತು. ಆದರೆ ಬಸ್ಸು ನಮ್ಮೂರಿಗೆ ಬರುತ್ತಿದ್ದದ್ದು ಹೈಸ್ಕೂಲಿನ ಪ್ರಾರ್ಥನೆ ಮುಗಿದ ಮೇಲೆ. ಬಸ್ಸು ನಲವತ್ತು ನಿಮಿಷ ಮೊದಲೇ ಬರಲಿ ಎಂದು ಒಂದೂವರೆ ವರ್ಷ ಅರ್ಜಿ ಕೊಟ್ಟೆವು. ಅರ್ಜಿಯ ಜೊತೆ ಹುಡುಗಿಯರನ್ನೇ ಕರೆದುಕೊಂಡು ಹೋದ ದಿನ ಕೆಲಸವಾಯಿತು.

5. ಸುಮ್ಮನೆ ಕೂತ ಮಗು ದಡ್ಡ ಅಲ್ಲ

ತಾಂಡಾದ ಹುಡುಗನೊಬ್ಬ ಎರಡು ತಿಂಗಳು ಬಾಯಿಯೇ ಬಿಡಲಿಲ್ಲ. ಓದು ಎಂದರೆ ಪುಸ್ತಕ ಹಿಡಿದು ನಿಲ್ಲುತ್ತಿದ್ದ. ನಾನು ಮನಸ್ಸಿನಲ್ಲೇ ಅವನನ್ನು ಕೊನೆಯ ಬೆಂಚಿಗೆ ಹಾಕಿದ್ದೆ. ಅಂಥ ಬೆಂಚಿನಿಂದಲೇ ಎದ್ದು ಬಂದವನು ನಾನು, ಅದೂ ಮರೆತಿತ್ತು. ಒಂದು ಸಂಜೆ ತಾಂಡಾಕ್ಕೆ ಹೋದಾಗ ಅದೇ ಹುಡುಗ ಐದಾರು ಮಕ್ಕಳನ್ನು ಕೂಡಿಸಿಕೊಂಡು ಪಟಪಟನೆ ಕಥೆ ಹೇಳುತ್ತಿದ್ದ. ಲಂಬಾಣಿ ಮಾತಿನಲ್ಲಿ. ಮನೆಯಲ್ಲಿ ಅವ್ವನಿಗೆ ಯಾಡಿ, ರೊಟ್ಟಿಗೆ ಬಾಟಿ ಅನ್ನುವ ಮಗು ಸಾಲಿಗೆ ಬಂದ ದಿನದಿಂದ ಎಲ್ಲವನ್ನೂ ಎರಡನೇ ಭಾಷೆಯಲ್ಲಿ ಕಲಿಯುತ್ತಿತ್ತು. ನಾವು ಇಂಗ್ಲಿಷಿಗೆ ಹೆದರುವಷ್ಟೇ ಅವನು ಕನ್ನಡಕ್ಕೆ ಹೆದರುತ್ತಿದ್ದ.

ಮರುದಿನ ಗೋಡೆಗೆ ಒಂದು ಹಾಳೆ ಅಂಟಿಸಿದೆ. ಒಂದು ಕಡೆ ಅವರ ಮಾತು, ಒಂದು ಕಡೆ ಕನ್ನಡ. ಅವನೇ ಮಾಸ್ತರ, ನಾನು ಬರೆಯುವವನು. ನಾನು ತಪ್ಪಾಗಿ ಉಚ್ಚರಿಸಿದಾಗ ತರಗತಿಯೆಲ್ಲ ನಕ್ಕಿತು, ಅವನೂ ನಕ್ಕ. ಆಮೇಲೆ ಒತ್ತಕ್ಷರ ತಪ್ಪಿದರೆ ಅವನಿಗೆ ನಾಚಿಕೆಯಾಗಲಿಲ್ಲ. ಗುರುಮಠಕಲ್ ಕಡೆಯ ನಮ್ಮ ಗೆಳೆಯರು ತೆಲುಗಿನ ಮಕ್ಕಳಿಗೆ ಇದನ್ನೇ ಮಾಡಿದ್ದಾರೆ.

6. ಅಂಕಿ ಹೇಳುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಿಕೊಳ್ಳಿ

ಇದನ್ನು ಬರೆಯಲು ಕೈ ಹಿಂಜರಿಯುತ್ತದೆ. ಒಂದು ಕಾಲಕ್ಕೆ ನಮ್ಮ ಮಕ್ಕಳಲ್ಲಿ ನೂರಕ್ಕೆ ತೊಂಬತ್ತು ಪಾಸಾಗುತ್ತಿದ್ದರು. ವೇದಿಕೆಗಳಲ್ಲಿ ಆ ಸಂಖ್ಯೆಯನ್ನು ನಾನು ಎದೆ ಉಬ್ಬಿಸಿ ಹೇಳಿದ್ದೇನೆ. ಪರೀಕ್ಷಾ ಕೇಂದ್ರದ ಕಿಟಕಿಯಿಂದ ಚೀಟಿ ಹೋಗುತ್ತಿದ್ದದ್ದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಎಲ್ಲ ಕಡೆ ಹೀಗೇ, ನಮ್ಮ ಬಡ ಮಕ್ಕಳೊಂದೇ ಯಾಕೆ ನಪಾಸಾಗಬೇಕು ಎಂದು ಮುಖ ತಿರುಗಿಸಿದ್ದೆ. ಆ ಮಕ್ಕಳಲ್ಲಿ ಅರ್ಧ ಜನ ಮೊದಲ ಪಿಯುಸಿಯಲ್ಲೇ ಬಿಟ್ಟು ಬಂದರು. ಒಬ್ಬ ಬಂದು ಹೇಳಿದ: "ಅಣ್ಣಾ, ಅಲ್ಲಿ ಏನು ಹೇಳ್ತಾರ ಅನ್ನೂದೇ ತಿಳಿಯಂಗಿಲ್ಲ." ಅವನ ಸೋಲು ಪಿಯುಸಿಯದಲ್ಲ, ನಾನು ಅವನಿಂದ ಬಚ್ಚಿಟ್ಟ ಹತ್ತನೇ ತರಗತಿಯದು.

2021ರಲ್ಲಿ ಕೋವಿಡ್ ನಡುವೆ ಎರಡೇ ದಿನದ ಬಹು ಆಯ್ಕೆ ಪರೀಕ್ಷೆ ನಡೆಸಿ ರಾಜ್ಯದಲ್ಲಿ 99.9 ಪಾಸು ಎಂದರು. ಮೂರು ವರ್ಷದ ಮೇಲೆ, 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಕೃಪಾಂಕ ಏರಿಸಿದ ಮೇಲೂ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಉಡುಪಿ 94ರಲ್ಲಿ ಮೊದಲು, ನಮ್ಮ ಯಾದಗಿರಿ 50.59ರಲ್ಲಿ ಕೊನೆ. ಊರಲ್ಲಿ ಕ್ಯಾಮೆರಾ ಬೈದವರೇ ಹೆಚ್ಚು. ನನಗೆ ಮಾತ್ರ ವೈದ್ಯರು ಕೊನೆಗೂ ಸರಿಯಾದ ರೋಗದ ಹೆಸರು ಹೇಳಿದಂತಾಯಿತು. 94 ಮತ್ತು 51ರ ನಡುವೆ ಬುದ್ಧಿಯ ವ್ಯತ್ಯಾಸ ಇಲ್ಲ. ಏಳನೇ ತರಗತಿಯ ಬೇಸಿಗೆ, ಹತ್ತಿಯ ತಿಂಗಳು, ಖಾಲಿ ಬಿದ್ದ ಗಣಿತದ ಹುದ್ದೆ, ಇವೆಲ್ಲ ಕೂಡಿದರೆ ಆ 43ರ ಅಂತರ ಆಗುತ್ತದೆ.

ಆ ವರ್ಷದಿಂದಲೇ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಮೂರು ಪರೀಕ್ಷೆಗಳ ಪದ್ಧತಿ ಬಂತು. ನಮ್ಮಂಥವರಿಗೆ ಇಷ್ಟು ಒಳ್ಳೆಯ ಸುಧಾರಣೆ ಇನ್ನೊಂದಿಲ್ಲ ಎಂದು ನನ್ನ ಅಭಿಪ್ರಾಯ, ಒಂದು ಷರತ್ತಿನ ಮೇಲೆ. ಫಲಿತಾಂಶ ಬಂದ ದಿನದಿಂದ ಪರೀಕ್ಷೆ-2ರ ಶುಲ್ಕ ಕಟ್ಟುವ ಕೊನೆಯ ದಿನದವರೆಗೆ ಸಿಗುವುದು ಕೆಲವೇ ದಿನ. ನಪಾಸಾದ ಹುಡುಗ ಆ ಸಂಜೆಯೇ ಬೆಂಗಳೂರಿನ ಬಸ್ಸು ಹತ್ತುತ್ತಾನೆ. ನಾನೂ ಹಾಗೇ ಹತ್ತಿದ್ದೆ. ಅದಕ್ಕೆ ಫಲಿತಾಂಶದ ದಿನ ಪಾಸಾದವರ ಮನೆಗೆ ನಾನು ಹೋಗುವುದಿಲ್ಲ, ಪೇಡೆ ಮರುದಿನವೂ ತಿನ್ನಬಹುದು. ನಪಾಸಾದವರ ಪಟ್ಟಿ ಹಿಡಿದು ಮೊದಲು ಬಸ್ ನಿಲ್ದಾಣಕ್ಕೆ, ಆಮೇಲೆ ಮನೆಗಳಿಗೆ. ಹೋಗಿ ಉಪದೇಶ ಮಾಡುವುದಿಲ್ಲ. ಯಾವ ವಿಷಯ, ಎಷ್ಟು ಅಂಕ ಕಡಿಮೆ, ನಾಳೆ ಎಷ್ಟಕ್ಕೆ ಬರ್ತಿ, ಇಷ್ಟೇ ಮಾತು.

7. ಮಾಸ್ತರರ ಜೊತೆ ಜಗಳ ಬೇಡ

ಸಾಲಿ ಮಾಸ್ತರರನ್ನು ಬೈದು ಸಾಲಿ ಸುಧಾರಿಸಿದವರನ್ನು ನಾನು ಕಂಡಿಲ್ಲ. ಅತಿಥಿ ಶಿಕ್ಷಕರು ಹಲವು ವರ್ಷ ಮಳೆಗಾಲ ಅರ್ಧ ಕಳೆದ ಮೇಲೆ ಬರುತ್ತಾರೆ, ಸಂಬಳ ಅದಕ್ಕಿಂತ ತಡವಾಗಿ ಬರುತ್ತದೆ. ಅವರಿಗೆ ಮಧ್ಯಾಹ್ನ ಒಂದು ಚಹಾ, ಎಸ್‌ಡಿಎಂಸಿ ಸಭೆಯಲ್ಲಿ ಒಂದು ಕುರ್ಚಿ ಕೊಟ್ಟದ್ದರಿಂದ ನಮಗೆ ಆದ ಲಾಭ ಹತ್ತು ದೂರು ಅರ್ಜಿಯಿಂದ ಆಗಲಿಲ್ಲ.

8. ಬ್ಯಾಗು ಸಾಕು

ದಾನಿಗಳಿಗೆ ಬ್ಯಾಗಿನ ಮೇಲೆ ಅದೇನು ಪ್ರೀತಿಯೋ. ಜೂನ್ ಬಂತೆಂದರೆ ಫೋಟೋಗ್ರಾಫರ್ ಸಮೇತ ಬರುತ್ತಾರೆ. ಒಂದು ವರ್ಷ ಒಬ್ಬಳೇ ಹುಡುಗಿಗೆ ಮೂರು ಬ್ಯಾಗು ಬಂದವು. ಅವಳ ಅವ್ವ ಎರಡರಲ್ಲಿ ಈರುಳ್ಳಿ ತುಂಬಿದ್ದಳು. ನಮಗೆ ಬೇಕಿದ್ದದ್ದು ಕರೆಂಟು ಹೋದಾಗ ಉರಿಯುವ ದೀಪ, ಪರೀಕ್ಷಾ ಶುಲ್ಕಕ್ಕೆ ಕೈಗಡ, ಮತ್ತು ಪಿಯುಸಿ ವಿಜ್ಞಾನ ಓದುವ ಹುಡುಗಿಗೆ ತಾಲ್ಲೂಕು ಊರಲ್ಲಿ ಒಂದು ಕೋಣೆ. ಇವುಗಳ ಫೋಟೋ ಚೆನ್ನಾಗಿ ಬರುವುದಿಲ್ಲ. ಈಗ ಕೇಳುವವರಿಗೆ ನಾಚದೆ ಹೇಳುತ್ತೇನೆ. ಅರ್ಧ ಜನ ಬೇಸರ ಮಾಡಿಕೊಂಡು ಹೋಗುತ್ತಾರೆ. ಉಳಿದ ಅರ್ಧದವರು ಹಲವು ವರ್ಷದಿಂದ ಜೊತೆಗಿದ್ದಾರೆ.

9. ನಿಂತ ಮದುವೆ ಎಲ್ಲವೂ ನಿಂತಿರುವುದಿಲ್ಲ

ಒಂಬತ್ತನೇ ತರಗತಿಯ ಹುಡುಗಿ ಬರುವುದು ನಿಂತಿತು. ಕೇಳಿದರೆ "ಮಾವನ ಊರಿಗಿ ಹೋಗ್ಯಾಳ್ರಿ" ಎಂದಳು ತಾಯಿ. ಗೆಳತಿಯರ ಮುಖ ನೋಡಿದರೆ ಮದುವೆಯ ವಿಷಯ ತಿಳಿಯಿತು. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿದೆ. ಅಧಿಕಾರಿಗಳು, ಪೊಲೀಸರು ಬಂದರು, ಮುಚ್ಚಳಿಕೆ ಬರೆಸಿಕೊಂಡರು. ಹಂದರ ಬಿಚ್ಚಿತು. ಪತ್ರಿಕೆಯಲ್ಲಿ ಎರಡು ಸಾಲು ಸುದ್ದಿಯೂ ಬಂತು. ನಾಲ್ಕು ತಿಂಗಳ ಮೇಲೆ ಬೇರೆ ತಾಲ್ಲೂಕಿನ ಒಂದು ಗುಡಿಯಲ್ಲಿ ರಾತ್ರಿ ಆ ಮದುವೆ ಆಗಿಹೋಯಿತು. ಆ ಓಣಿಯ ಜನ ಎರಡು ವರ್ಷ ನನ್ನನ್ನು ಮಾತಾಡಿಸಲಿಲ್ಲ, ಓಣಿಯ ಇನ್ನೂ ಮೂವರು ಹುಡುಗಿಯರು ನಮ್ಮಲ್ಲಿಗೆ ಬರುವುದು ನಿಂತಿತು.

ಫೋನು ಮಾಡಿದ್ದು ತಪ್ಪೆಂದು ಹೇಳುತ್ತಿಲ್ಲ. ಇಂದಿಗೂ ಮಾಡುತ್ತೇನೆ. ಆದರೆ ಫೋನು ಮಾಡುವ ಹಂತಕ್ಕೆ ಬಂದರೆ ನಾವು ಆಗಲೇ ಆರು ತಿಂಗಳು ತಡ. ಮದುವೆಯ ಮಾತು ಮೊದಲು ಹುಟ್ಟುವುದು ಹುಡುಗಿ ಹದಿನೈದು ದಿನ ಮನೆಯಲ್ಲಿ ಕೂತಾಗ. ಈಗ ನಮ್ಮಲ್ಲಿ ಒಂದು ಕಟ್ಟುಪಾಡಿದೆ: ಯಾವ ಹುಡುಗಿಯಾದರೂ ಒಂದು ವಾರಕ್ಕಿಂತ ಹೆಚ್ಚು ತಪ್ಪಿಸಿದರೆ ಅವಳ ಮನೆಗೆ ಹೋಗುವುದು ನಾನಲ್ಲ, ಮಹಿಳಾ ಸಂಘದ ಇಬ್ಬರು ಹೆಂಗಸರು. ವಾರದ ಕಂತು ಕೇಳುವ ನೆಪದಲ್ಲಿ ಹೋಗುತ್ತಾರೆ, ಒಲೆಯ ಮುಂದೆ ಕೂರುತ್ತಾರೆ. ಮನೆಯ ಕಷ್ಟ ಏನೆಂದು ಗೊತ್ತಾಗುವುದು ಅಲ್ಲಿ. ತೀರಾ ಕಷ್ಟದ ಮನೆಯಾದರೆ ಹಾಸ್ಟೆಲ್ ಸೀಟು ನೋಡುತ್ತೇವೆ. ಕಸ್ತೂರಬಾ ವಸತಿ ಶಾಲೆಗೋ ಇಲಾಖೆಯ ಹಾಸ್ಟೆಲಿಗೋ ಸೇರಿದ ಹುಡುಗಿ ಓಣಿಯ ಕಣ್ಣಿಗೆ ಬೀಳುವುದಿಲ್ಲ. ಕಣ್ಣಿಗೆ ಬೀಳದವಳ ಮದುವೆಯ ಮಾತು ಅಷ್ಟು ಬೇಗ ಹುಟ್ಟುವುದಿಲ್ಲ.

10. ಕೀಲಿಕೈ ಕೊಡಿ

ನನಗೆ ಎರಡು ವರ್ಷದ ಹಿಂದೆ ಟೈಫಾಯಿಡ್ ಬಂದು ತಿಂಗಳು ಮಲಗಿದೆ. ಸಾಲಿ ನಿಂತಿರುತ್ತದೆ ಎಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ನಿಂತಿರಲಿ ಎಂದು ಮನಸ್ಸಿನ ಮೂಲೆಯಲ್ಲಿ ಆಸೆಯೂ ಇತ್ತು. ಎದ್ದು ಹೋಗಿ ನೋಡಿದರೆ ನಡೆಯುತ್ತಿತ್ತು. ಎನ್‌ಎಂಎಂಎಸ್ ದುಡ್ಡು ತಪ್ಪಿಹೋದ ಆ ಹುಡುಗಿ, ಡಿ.ಇಡಿ. ಮುಗಿಸಿ ಊರಲ್ಲಿದ್ದವಳು, ಚಾಪೆ ಹಾಸಿ ಹಾಜರಿ ತೆಗೆಯುತ್ತಿದ್ದಳು. ಅವಳು ನನ್ನ ಹಾಗೆ ಗಟ್ಟಿ ದನಿಯಲ್ಲಿ ಹೇಳಿಕೊಡುವುದಿಲ್ಲ. ಮಕ್ಕಳನ್ನು ಇಬ್ಬಿಬ್ಬರಾಗಿ ಕೂಡಿಸಿ, ಗೊತ್ತಿದ್ದವನಿಂದ ಗೊತ್ತಿಲ್ಲದವನಿಗೆ ಹೇಳಿಸುತ್ತಾಳೆ. ಗದ್ದಲ ಜಾಸ್ತಿ. ಮೊದಲೆರಡು ದಿನ ನನಗೆ ಕಿರಿಕಿರಿಯಾಗಿ ನಡುವೆ ಬಾಯಿ ಹಾಕಿದೆ. ಮೂರನೇ ದಿನ "ಅಣ್ಣಾ, ನೀವು ಹೊರಗ ಕುಂದರ್ರಿ" ಅಂದಳು. ಹೊರಗೆ ಕಟ್ಟೆಯ ಮೇಲೆ ಕೂತೆ. ಮರುದಿನ ಕೀಲಿಕೈ ಅವಳಿಗೇ ಕೊಟ್ಟೆ.

ಈ ಸಲದ ದಸರಾ ರಜೆಗೆ ಮೊದಲು ನೋಟ್‌ಬುಕ್ ತಂದು ತೋರಿಸಿದಳು. ಈಗಿನದು ಹನ್ನೊಂದನೆಯ ಪುಸ್ತಕ. ನನ್ನ ಮೂರು ಕಾಲಂ ಹಾಗೇ ಇವೆ. 'ಇವತ್ತು ಎಲ್ಲಿ' ಎಂಬುದರ ಪಕ್ಕದಲ್ಲಿ ಅಡ್ಡಪಟ್ಟಿ ಇಟ್ಟು ನಾಲ್ಕನೆಯ ಕಾಲಂ ಎಳೆದು 'ಯಾವಾಗ ಬರ್ತಾರ' ಎಂದು ಬರೆದಿದ್ದಾಳೆ. ಹೊಲಕ್ಕೆ, ಬೆಂಗಳೂರಿಗೆ, ಪುಣೆಗೆ ಹೋಗುವವರಿಂದ ಹೋಗುವ ಮೊದಲೇ ತಾರೀಖು ಕೇಳಿ ಬರೆಸಿಕೊಳ್ಳುತ್ತಾಳಂತೆ. ಕೇಳಿದರೆ ಹೇಳುತ್ತಾರೆ, ಇಷ್ಟು ವರ್ಷ ನಾನು ಕೇಳಿರಲೇ ಇಲ್ಲ.

ಮೊನ್ನೆಯವರೆಗೆ ಹತ್ತೊಂಬತ್ತು ತಾರೀಖು ತುಂಬಿವೆ, ಮೂರು ಖಾಲಿ. ಮೂವರಲ್ಲಿ ಇಬ್ಬರು ತಾಂಡಾದವರು. ಇನ್ನೊಬ್ಬನ ಅಪ್ಪನ ಫೋನು ಸ್ವಿಚ್ ಆಫ್. ಭಾನುವಾರ ಅವನ ಕಾಕಾನ ಮನೆಗೆ ಹೋಗಿ ಬರಲು ನನಗೆ ಹೇಳಿದ್ದಾಳೆ.